ಮಂಗಳೂರಿನ ಸೆಕೆಗೆ ಹಸಿರು ತಾರಸಿ: ಎರಡು ವರ್ಷಗಳ ಬಳಕೆಯ ನಂತರ

ಕದ್ರಿಯ ಸಮೀಪವಿರುವ ನಮ್ಮ ತಾರಸಿ ಮನೆಯ ಮೇಲೆ ಎರಡು ವರ್ಷಗಳ ಹಿಂದೆ ನಗರದ ಒಂದು ಸಂಸ್ಥೆಯಿಂದ ಸುಮಾರು 500 ಚದರ ಅಡಿಯಷ್ಟು ಹಸಿರು ಹೊದಿಕೆ, ಅಂದರೆ ಮಣ್ಣು ಹಾಸಿ ಗಿಡ ಬೆಳೆಸುವ ಪದರ, ಮಾಡಿಸಿದೆವು. ನಮ್ಮೂರಿನಲ್ಲಿ ಸೆಕೆಗೂ ಸೋರಿಕೆಗೂ ಸಾಮಾನ್ಯವಾಗಿ ಎಲ್ಲರೂ ಹಾಕಿಸುವುದು ತಗಡಿನ ಶೀಟಿನ ಮಾಡು. ಅದನ್ನು ಬಿಟ್ಟು, ಅದಕ್ಕಿಂತ ಹೆಚ್ಚು ಖರ್ಚಿನ ಇದಕ್ಕೆ ಮನಸ್ಸು ಮಾಡಲು ಮಲಗುವ ಕೋಣೆಯ ರಾತ್ರಿಯ ಸೆಕೆಯೇ ಕಾರಣ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ಆ ಶಾಖವನ್ನು ಒಳಕ್ಕೆ ಬಿಡತೊಡಗುವುದು ಸಂಜೆಯ ನಂತರ. ಹಾಗಾಗಿ ಹೊರಗೆ ಕಡಲಗಾಳಿ ಬೀಸುತ್ತಿದ್ದರೂ ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು.

ಕೆಲಸದ ಕ್ರಮ ಹೀಗಿತ್ತು: ಮೊದಲು ನೀರು ಸೋರದ ಲೇಪನ, ಅದರ ಮೇಲೆ ಬೇರು ಇಳಿಯದಂತೆ ತಡೆಯುವ ಹಾಳೆ, ಬಳಿಕ ನೀರು ಹರಿದುಹೋಗಲು ಗುಳಿಗಳಿರುವ ಪ್ಲಾಸ್ಟಿಕ್ ಪದರ, ಮಣ್ಣು ಕೊಚ್ಚಿಹೋಗದಂತೆ ಸೋಸುವ ಬಟ್ಟೆ, ಕೊನೆಗೆ ಕೆಂಪುಮಣ್ಣಿಗೆ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಬೆರೆಸಿದ ನಾಲ್ಕು ಅಂಗುಲದ ಮಣ್ಣು. ಲೇಪನ ಒಣಗಿದ ಮೇಲೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡಿದ್ದು ಮೆಚ್ಚತಕ್ಕ ಸಂಗತಿ. ಆದರೆ ತಾರಸಿ ಇಷ್ಟು ಭಾರ ತಾಳುತ್ತದೆಯೇ ಎಂಬ ಪ್ರಶ್ನೆಯನ್ನು ನಾವಾಗಿಯೇ ಎತ್ತಬೇಕಾಯಿತು. ನೀರುಂಡ ನಾಲ್ಕು ಅಂಗುಲದ ಮಣ್ಣು ಚದರ ಮೀಟರಿಗೆ 100ರಿಂದ 150 ಕಿಲೋ ತೂಗಬಲ್ಲದು. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕವು ಲೆಕ್ಕಕ್ಕೆ ಹಿಡಿಯುವ ಭಾರವೇ ಸುಮಾರು 150 ಕಿಲೋ. ಎಂಜಿನಿಯರರೊಬ್ಬರನ್ನು ನಾವೇ ಕರೆಸಿ ತೋರಿಸಿ, ಅವರು ಒಪ್ಪಿದ ನಂತರವೇ ಮಣ್ಣು ಮೇಲೇರಿತು.

ಮಾರ್ಚಿನಿಂದ ಮೇ ತನಕ ಇದರ ಗುಣ ನಿಚ್ಚಳವಾಗಿ ಕಾಣುತ್ತದೆ. ಮಂಗಳೂರಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲಿನ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುವುದರಿಂದ ಗೋಡೆಗಳಿಗಿಂತ ಚಪ್ಪಟೆ ತಾರಸಿಗೇ ಬಿಸಿಲು ಹೆಚ್ಚು. ಗಿಡಗಳ ನೆರಳು ಅದನ್ನು ತಡೆಯುತ್ತದೆ, ಮಣ್ಣಿನಿಂದಲೂ ಎಲೆಗಳಿಂದಲೂ ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯುನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೀರಿಕೊಳ್ಳುತ್ತದೆ. ರಾತ್ರಿ ಹತ್ತು ಗಂಟೆಗೆ ಮಲಗುವ ಕೋಣೆಯ ಮಾಡಿನ ಒಳಮೈಗೆ ಕೈಯಿಟ್ಟರೆ ಈಗ ಮೊದಲಿನಂತೆ ಬಿಸಿ ತಾಗುವುದಿಲ್ಲ. ಆದರೆ ಸೆಕೆಯೇ ಹೋಯಿತೆಂದು ಬರೆದರೆ ಸುಳ್ಳಾದೀತು: ಬೆವರು ತರಿಸುವ ಗಾಳಿಯ ತೇವಕ್ಕೆ ಯಾವ ತಾರಸಿಯೂ ಮದ್ದಲ್ಲ. ಪಡುವಣ ಗೋಡೆಗೆ ಬೀಳುವ ಇಳಿಬಿಸಿಲೂ ಹಾಗೆಯೇ ಉಳಿದಿದೆ.

ಈ ತಂಪಿಗೆ ನೀರೇ ಬೆಲೆ. ಮಣ್ಣು ಒಣಗಿದರೆ ಆವಿಯ ತಂಪು ನಿಂತು ನೆರಳಿನ ಲಾಭವಷ್ಟೇ ಉಳಿಯುತ್ತದೆ. ಗಿಡ ಸತ್ತರೆ ಅದೂ ಇಲ್ಲ. ತುಂಬೆಯ ಅಣೆಕಟ್ಟಿನಲ್ಲಿ ನೀರು ತಗ್ಗಿ ನಗರಕ್ಕೆ ಸರದಿಯಲ್ಲಿ ನೀರು ಬಿಡುವ ಪ್ರಸಂಗ ಬರುವುದೂ ಇದೇ ಬೇಸಗೆಯಲ್ಲಿ. ಸಂಸ್ಥೆಯವರು ನೆಟ್ಟುಕೊಟ್ಟ ಲಾನ್ ಹುಲ್ಲು ಮೊದಲ ಮೇ ತಿಂಗಳಲ್ಲೇ ಸುಟ್ಟುಹೋಯಿತು. ಬದಲಿಗೆ ನಾವು ಹಾಕಿದ ಗರಿಕೆ, ಹತ್ತು ಗಂಟೆ ಹೂವು ಮತ್ತು ದೊಡ್ಡಪತ್ರೆ ಬಟ್ಟೆ ಒಗೆದು ಉಳಿದ ನೀರಿನಲ್ಲೇ ಬದುಕಿವೆ. ‘ಬಸಳೆ ಚಪ್ಪರ ಹಾಕಿದ್ದರೂ ಇಷ್ಟು ತಂಪಾಗುತ್ತಿತ್ತು, ಪದಾರ್ಥಕ್ಕೂ ಆಗುತ್ತಿತ್ತು’ ಎಂದು ಅಮ್ಮ ಆಗಲೇ ಹೇಳಿದ್ದರು. ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಜೂನಿನಿಂದ ಸೆಪ್ಟೆಂಬರ್ ತನಕ ಒಳಗಿನ ಉಷ್ಣತೆಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಮೋಡ ಕವಿದ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ತಡೆಯಬೇಕಾದ ಬಿಸಿಲೇ ಇರುವುದಿಲ್ಲ. ನೀರು ತುಂಬಿದ ಮಣ್ಣು ಶಾಖವನ್ನು ಸುಲಭವಾಗಿ ದಾಟಿಸುತ್ತದೆ, ಗಾಳಿಯ ತೇವದಿಂದಾಗಿ ಆವಿಯಾಗುವಿಕೆಯೂ ಕಡಿಮೆ. ನಮಗೆ ತೊಂದರೆಯಾದದ್ದು ಬೇರೆ ಕಡೆ. ಒಂದು ಮೂಲೆಯಲ್ಲಿ ಸೋಸುವ ಬಟ್ಟೆಯನ್ನು ಅಂಚಿನ ತನಕ ಹಾಸಿರಲಿಲ್ಲವಾದ್ದರಿಂದ ಮಣ್ಣು ಇಳಿದು ನೀರು ಹೋಗುವ ಪೈಪಿನ ಬಾಯಿ ಕಟ್ಟಿತು, ಮೊದಲ ಮಳೆಗಾಲದಲ್ಲೇ ತಾರಸಿಯಲ್ಲಿ ಗೇಣುದ್ದ ನೀರು ನಿಂತಿತು. ಫೋನು ಮಾಡಿದ ಎಂಟು ದಿನಗಳ ಮೇಲೆ ಸಂಸ್ಥೆಯವರು ಬಂದರು. ಲೇಪನ ಗಟ್ಟಿಯಾಗಿದ್ದುದರಿಂದ ಒಳಗೆ ಒಂದು ಹನಿಯೂ ಬೀಳಲಿಲ್ಲವೆಂಬುದನ್ನು ಅವರ ಪರವಾಗಿ ಹೇಳಲೇಬೇಕು. ದುರಸ್ತಿಗೆ ಹಣವನ್ನೂ ಕೇಳಲಿಲ್ಲ.

ಡಿಸೆಂಬರ್ ಮತ್ತು ಜನವರಿಯಲ್ಲಿ ಒಂದು ಸಣ್ಣ ನಷ್ಟವಿದೆ. ಬರಿಯ ತಾರಸಿಯು ತಿಳಿಯಾದ ಆಕಾಶಕ್ಕೆ ಶಾಖ ಬಿಟ್ಟು ನಸುಕಿನೊಳಗೆ ತಣ್ಣಗಾಗುತ್ತಿತ್ತು. ಮಣ್ಣು ಹೊದ್ದ ತಾರಸಿ ಅಷ್ಟು ಬೇಗ ತಣಿಯುವುದಿಲ್ಲ. ಮುಂಜಾನೆ ಹೊದಿಕೆ ಎಳೆದುಕೊಳ್ಳುವ ಆ ಸುಖ ನಮ್ಮ ಕೋಣೆಯಲ್ಲಿ ಈಗ ತುಸು ಕಡಿಮೆ. ಆದರೆ ನಡುಹಗಲಿನ ಬಿಸಿಲು ಆ ತಿಂಗಳುಗಳಲ್ಲೂ ಚುರುಕಾಗಿಯೇ ಇರುವುದರಿಂದ ನಮಗೆ ಇದು ದೊಡ್ಡ ದೂರಲ್ಲ.

ಈ ತಂಪು ಸಿಗುವುದು ಮಾಡಿನ ಕೆಳಗಿನ ಅಂತಸ್ತಿಗೆ ಮಾತ್ರ. ಬಾಡಿಗೆಯವರಿರುವ ನೆಲ ಅಂತಸ್ತಿನಲ್ಲಿ ಏನೂ ಬದಲಾಗಿಲ್ಲ. ಬೇಸಗೆಯಲ್ಲಿ ಬತ್ತದ ಬಾವಿಯಿರುವ, ತಾರಸಿಯ ಕೆಳಗೇ ಮಲಗುವವರಿಗೆ ಈ ಸಂಸ್ಥೆಯ ಕೆಲಸವನ್ನು ನಾನು ಸೂಚಿಸಬಲ್ಲೆ, ಆದರೆ ಲಾನ್ ಹುಲ್ಲು ಬೇಡವೆಂದು ಮೊದಲೇ ಹೇಳಿಬಿಡಿ. ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನು ನಾವು ಮುಂದುವರಿಸಲಿಲ್ಲ. ಪೈಪಿನ ಬಾಯಿಯ ಜಾಲರಿಯನ್ನು ಮಳೆಗೆ ಮುನ್ನ ನಾನೇ ಹತ್ತಿ ತೊಳೆಯುತ್ತೇನೆ.