ಅಲಗು ಸವೆಸುವುದೋ, ಹಿಡಿಗೆ ಭಾರ ಕಟ್ಟುವುದೋ?

ಮನೆಯಲ್ಲಿ ಮಾಡಿದ ಖಡ್ಗ ಕೈಯಲ್ಲಿ ಮುಂದಕ್ಕೆ ಜಗ್ಗುತ್ತಿದ್ದರೆ ಹೆಚ್ಚಿನವರು ಹಿಡಿಯ ತುದಿಯ ಗುಂಡಿಗೆ ಭಾರ ತುಂಬುತ್ತಾರೆ. ಆ ದಾರಿಯನ್ನೂ ಅದರ ಎದುರು ದಾರಿಯನ್ನೂ ಒಂದೇ ಅಳತೆಯ ಖಡ್ಗಗಳ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಮೊದಲು ಅಲಗು ಹಗುರವಾಗಬೇಕು, ಗುಂಡಿನ ಭಾರ ಆಮೇಲಿನ ಮಾತು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಆರಿಸಿಕೊಂಡದ್ದು ಯುರೋಪಿನ ಮಧ್ಯಯುಗದ ಒಂಟಿಗೈ ಖಡ್ಗದ ಮಾದರಿ. ಮೂಲ ಖಡ್ಗಗಳು ಸಾಮಾನ್ಯವಾಗಿ 1ರಿಂದ 1.3 ಕಿಲೋ ತೂಗುತ್ತವೆ. ಬೆರಳ ಮೇಲೆ ಅಡ್ಡಲಾಗಿ ನಿಲ್ಲುವ ಬಿಂದು ಬಹುಪಾಲು ಅಲಗಿಗೂ ಹಿಡಿಗೂ ನಡುವಿನ ಅಡ್ಡಪಟ್ಟಿಯಿಂದ ಅಲಗಿನ ಕಡೆಗೆ 10–15 ಸೆಂ.ಮೀ. ದೂರದಲ್ಲಿರುತ್ತದೆ. ನನ್ನ ಗುರಿ 12 ಸೆಂ.ಮೀ. ಅಲಗಿಗೆ ಬಳಸಿದ್ದು 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪ, 75 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿ. ಅದೊಂದೇ ಸುಮಾರು 400 ಗ್ರಾಂ. ಮರದ ಹಿಡಿ, ಅದರೊಳಗಿನ ಪಟ್ಟಿ, ಕಬ್ಬಿಣದ ಅಡ್ಡಪಟ್ಟಿ ಸೇರಿ ಇನ್ನೊಂದು 250 ಗ್ರಾಂ. ಗುಂಡು ಹಾಕದೆ ತೂಗಿದರೆ ಸಮತೋಲದ ಬಿಂದು 20 ಸೆಂ.ಮೀ. ಆಚೆ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಬೀಸುವುದು ಮಣಿಕಟ್ಟಿಗೆ ಶಿಕ್ಷೆ.

ಇದನ್ನು 12ಕ್ಕೆ ತರಲು ಹಿಡಿಯ ತುದಿಯಲ್ಲಿ ಸುಮಾರು 225 ಗ್ರಾಂ ಬೇಕು. ಟೊಳ್ಳು ಗುಂಡಿಗೆ ಮರಳು ತುಂಬುವುದು ಅಗ್ಗದ ಉಪಾಯ. ಆದರೆ ಅಷ್ಟು ತೂಕದ ಒಣ ಮರಳು ಒಂದು ಚಹಾ ಲೋಟದಷ್ಟು ಜಾಗ ಕೇಳುತ್ತದೆ, ಖಡ್ಗದ ರೂಪವೇ ಕೆಡುತ್ತದೆ. ಬಿಗಿಯಾಗಿ ತುಂಬದಿದ್ದರೆ ಪ್ರತಿ ಬೀಸಿಗೂ ಒಳಗೆ ಸರಿದಾಡುತ್ತದೆ. ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಸೀಸ ಅದಕ್ಕೆ ತದ್ವಿರುದ್ಧ. ಅದೇ 225 ಗ್ರಾಂ 20 ಘನ ಸೆಂ.ಮೀ.ಯಲ್ಲಿ ಅಡಗುತ್ತದೆ, ಗುಂಡು ಚಿಕ್ಕದಾಗಿ ಚೆಂದ ಕಾಣುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದರೆ ಅಲುಗಾಟವೂ ಇಲ್ಲ. ಸೀಸ ವಿಷ, ಅದನ್ನು ಮನೆಯಲ್ಲಿ ಕರಗಿಸಲೇಬಾರದು. ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಮಕ್ಕಳು ಹಿಡಿಯುವ ಖಡ್ಗಕ್ಕೆ ಬೇಡವೇ ಬೇಡ. ಎಪಾಕ್ಸಿ ಗಟ್ಟಿಯಾದ ಮೇಲೆ 20 ಗ್ರಾಂ ತೆಗೆಯೋಣವೆಂದರೂ ಸಾಧ್ಯವಿಲ್ಲ ಎಂಬುದು ಅದರ ಇನ್ನೊಂದು ಕೊರತೆ.

ಹಿಡಿಯ ಒಳಪಟ್ಟಿಗೆ ಭದ್ರವಾಗಿ ಕೂರಿಸಿದ ಬೋಲ್ಟಿಗೆ ಉಕ್ಕಿನ ವಾಷರ್ ಪೋಣಿಸಿ ನಟ್ ಬಿಗಿಯುವ ಕ್ರಮ ನನಗೆ ಹೆಚ್ಚು ಹಿಡಿಸಿದೆ. ಸೀಸಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಗ ಬೇಕು, ಅಷ್ಟೆ. ಒಂದೊಂದೇ ವಾಷರ್ ಸೇರಿಸುತ್ತಾ, ತೆಗೆಯುತ್ತಾ ಬೆರಳ ಮೇಲೆ ನೋಡುತ್ತಾ ಹೋಗಬಹುದು. ತಿಂಗಳ ನಂತರ ಮನಸ್ಸು ಬದಲಾದರೂ ಸ್ಪ್ಯಾನರ್ ಒಂದಿದ್ದರೆ ಸಾಕು. ಭಾರವನ್ನು ಹಿಡಿಯ ಮಧ್ಯದಲ್ಲೇ ಬಚ್ಚಿಡಲು ಕೆಲವರು ಬಯಸುತ್ತಾರೆ. ಆದರೆ ಅಲ್ಲಿ ದೂರ ಕಡಿಮೆ, ಆದ್ದರಿಂದ 225ರ ಬದಲು 300 ಗ್ರಾಂಗೂ ಮೀರಿ ಬೇಕಾಗುತ್ತದೆ.

ಇನ್ನು ಅಲಗು ಸವೆಸುವ ದಾರಿ. ಬುಡದಲ್ಲಿ 40 ಮಿ.ಮೀ. ಹಾಗೇ ಉಳಿಸಿ, ಮೊನೆಯ ಕಡೆ 20ಕ್ಕೆ ಇಳಿಯುವಂತೆ ಗರಗಸದಿಂದ ಕೊಯ್ದು ಅರದಿಂದ ಉಜ್ಜಿದರೆ ಅಲಗಿನಿಂದ 100 ಗ್ರಾಂ ಇಳಿಯುತ್ತದೆ. ಏನೂ ಸೇರಿಸದೆಯೇ ಬಿಂದು 14.5ರ ಆಸುಪಾಸಿಗೆ ಬರುತ್ತದೆ. ಉಳಿದ ಅಂತರಕ್ಕೆ ಸುಮಾರು 60 ಗ್ರಾಂ ಗುಂಡು ಸಾಕು. ಇಡೀ ಖಡ್ಗ ಸುಮಾರು 610 ಗ್ರಾಂನಲ್ಲಿ ನಿಲ್ಲುತ್ತದೆ, ಭಾರ ತುಂಬಿದ್ದು 875 ಗ್ರಾಂ.

ಬಿಂದು ಎರಡರಲ್ಲೂ 12ರಲ್ಲೇ ಇದ್ದರೂ ಕೈಗೆ ತಿಳಿಯುವ ವ್ಯತ್ಯಾಸ ದೊಡ್ಡದು. ತಿರುಗಿಸುವಾಗ ಎದುರಾಗುವ ತಡೆ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಹಿಡಿತದಿಂದ 60 ಸೆಂ.ಮೀ. ದೂರದ 1 ಗ್ರಾಂ, 30 ಸೆಂ.ಮೀ.ನಲ್ಲಿರುವ 4 ಗ್ರಾಂಗೆ ಸಮ. ಹಿಂದೆ ಎಷ್ಟೇ ಭಾರ ಕಟ್ಟಿದರೂ ಮೊನೆಯ ಆ ಗ್ರಾಂ ಅಲ್ಲೇ ಕುಳಿತಿರುತ್ತದೆ. ಭುಜದ ಮಟ್ಟದಿಂದ ಬೀಸಿ ಸೊಂಟದ ಬಳಿ ತಟ್ಟನೆ ನಿಲ್ಲಿಸಿ ನೋಡಿ: ಸವೆಸಿದ ಅಲಗು ನಿಲ್ಲುತ್ತದೆ, ಭಾರ ಕಟ್ಟಿದ್ದು ಇನ್ನಷ್ಟು ಮುಂದೆ ಓಡುತ್ತದೆ. ಹಳೆಯ ಕಮ್ಮಾರರು ಅಲಗಿನ ದಪ್ಪವನ್ನೂ ಮೊನೆಯ ಕಡೆ ಇಳಿಸುತ್ತಿದ್ದರು. ಆ ಜಾಣ್ಮೆಗೆ ನನ್ನ ಗೌರವ ಪ್ರತಿ ಬಾರಿ ಅರ ಹಿಡಿದಾಗಲೂ ಹೆಚ್ಚುತ್ತದೆ.

ಸವೆಸುವಾಗ ಜಾಗ ನೋಡಿಕೊಳ್ಳಬೇಕು. ಅಡ್ಡಪಟ್ಟಿಗೂ ಸಮತೋಲದ ಬಿಂದುವಿಗೂ ನಡುವೆ ಕೆತ್ತಿದರೆ ಬಿಂದು ಮೊನೆಯ ಕಡೆಗೇ ಸರಿಯುತ್ತದೆ. ಅಂದಕ್ಕಾಗಿ ಬುಡದಲ್ಲಿ ಉದ್ದನೆಯ ತೋಡು ಕೊರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಅಂಚನ್ನಂತೂ ಎಲ್ಲೂ ಹರಿತಗೊಳಿಸಬಾರದು, ಮೊನೆ ದುಂಡಗಿರಲಿ. ಹಿಡಿಗೆ ಚರ್ಮ ಸುತ್ತಿದಾಗ ಬಿಂದು ಮತ್ತೆ ತುಸು ಹಿಂದೆ ಬರುತ್ತದೆ, ಆದ್ದರಿಂದ ಕೊನೆಯ ವಾಷರನ್ನು ಅದಾದ ಮೇಲೆಯೇ ನಿರ್ಧರಿಸಿ ನಟ್ ಬಿಗಿಯುವುದು ಒಳ್ಳೆಯದು.