ಪ್ರಾಜೆಕ್ಟ್ ಮಾಡಿಕೊಡ್ತೀವಿ ಅನ್ನುವವರ ಕೈಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಫೈನಲ್ ಇಯರ್ ಓದುತ್ತಿರುವ ತಮ್ಮ ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ನಾಲ್ಕು ಜನ ಸೇರಿ 24,000 ರೂಪಾಯಿ ಕಳೆದುಕೊಂಡೆವು. ಎಲ್ಲವೂ ಮನೆಯವರ ದುಡ್ಡು.

ನಮ್ಮ ಪ್ರಾಜೆಕ್ಟ್ ಕಬ್ಬಿನ ಕಣ್ಣು ಕತ್ತರಿಸುವ ಯಂತ್ರ. ಸಸಿ ಮಾಡುವವರು ಕಬ್ಬಿನ ಕಣ್ಣನ್ನಷ್ಟೇ ಬಿಡಿಸಿ ಟ್ರೇಯಲ್ಲಿ ಇಡುತ್ತಾರೆ, ಅಲ್ವಾ? ನಮ್ಮಲ್ಲೊಬ್ಬನ ಮನೆಯಲ್ಲಿ ಅದೇ ಕೆಲಸ, ಹಾಗಾಗಿ ತುಂಬಾ ಆಸೆಯಿಂದ ಆರಿಸಿದ್ದೆವು. ಕಂಪ್ಯೂಟರ್‌ನಲ್ಲಿ ಮಾಡೆಲ್ ಚಂದ ಬಂತು. ಆಗ ಸೀನಿಯರ್ ಮೂಲಕ ಒಬ್ಬರ ಪರಿಚಯವಾಯಿತು. "ಉದ್ಯಮಬಾಗ್‌ದಾಗ ಎಲ್ಲಾರೂ ನಮ್ಮವರ ಅದಾರ, ಡ್ರಾಯಿಂಗ್ ಕೊಡ್ರಿ, ಹದಿನೈದು ದಿನದಾಗ ಮಷೀನ್ ಒಯ್ರಿ" ಅಂದರು. ಉದ್ಯಮಬಾಗ್ ಅಂದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ. ದುಡ್ಡು ಪೂರ್ತಿ ಮೊದಲೇ ಬೇಕು ಅಂದರು, ಕೊಟ್ಟೆವು, ರಸೀದಿ ಕೇಳಲಿಲ್ಲ. ಡ್ರಾಯಿಂಗ್ ನೋಡಿ ಆತ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಮಗೆ ಆಗಲೇ ಅನುಮಾನ ಬರಬೇಕಿತ್ತು.

ಹದಿನೈದು ದಿನ ಎರಡು ತಿಂಗಳಾಯಿತು. ಎರಕ ಹಾಕುವ ಜಾಗ ನೋಡ್ತೀವಿ ಅಂದರೆ "ಯಾಕ್ರಿ, ನಂಬಿಕಿ ಇಲ್ಲೇನು" ಅನ್ನುವುದು, ಆಮೇಲೆ ಫೋನ್ ಎತ್ತದಿರುವುದು. ಕೊನೆಗೆ ಕೈಗೆ ಬಂದದ್ದು ಬೇರಿಂಗ್ ಕೂರುವ ಒಂದು ಹೌಸಿಂಗ್ ಮಾತ್ರ. ಅದನ್ನು ಹಿಡಿದುಕೊಂಡು ನಾವೇ ಉದ್ಯಮಬಾಗ್‌ಗೆ ಹೋಗಿ ಒಂದು ಲೇತ್ ಮಷೀನ್ ಅಂಗಡಿಯಲ್ಲಿ ತೋರಿಸಿದೆವು. ಅಲ್ಲಿದ್ದ ಹಿರಿಯರು ವರ್ನಿಯರ್ ಇಟ್ಟು ಅಳೆದು ಕೇಳಿದರು: "ತಮ್ಮಾ, ಇದರಾಗ ಹೊಡಿಯಾಕ ಮಾಲ್ ಎಲ್ಲೈತಿ?"

ಲೇತ್‌ನಲ್ಲಿ ಕೊರೆದು ಅಳತೆಗೆ ತರಲು ಹೆಚ್ಚಿನ ಲೋಹವೇ ಉಳಿದಿಲ್ಲ ಅನ್ನುವುದು ಅವರ ಮಾತಿನ ಅರ್ಥ. ಎರಕ ಹಾಕಿದ ಬೀಡು ಕಬ್ಬಿಣ ಆರುವಾಗ ಹತ್ತಿರಹತ್ತಿರ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. 200 ಮಿಲಿಮೀಟರ್ ಉದ್ದದ ಭಾಗ ಸುಮಾರು 2 ಮಿಲಿಮೀಟರ್ ಕಡಿಮೆಯಾಗುತ್ತದೆ. ಅದಕ್ಕೆ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಅಷ್ಟು ದೊಡ್ಡದಿರಬೇಕು, ಲೇತ್‌ನಲ್ಲಿ ಹೊಡೆಯುವ ಮುಖಕ್ಕೆ ಇನ್ನೊಂದಿಷ್ಟು ಮಾಲ್ ಬಿಡಬೇಕು. ನಾವು ಕೊಟ್ಟದ್ದು ಕೆಲಸ ಮುಗಿದ ಮೇಲಿನ ಅಳತೆ, ದುಡ್ಡು ತೆಗೆದುಕೊಂಡಾತ ಪ್ಯಾಟರ್ನ್ ಅನ್ನೂ ಅದೇ ಅಳತೆಗೆ ಮಾಡಿಸಿದ್ದ. ಗೋಡೆಗಳಿಗೆ ಓರೆಯೂ ಇರಲಿಲ್ಲ. ಒಂದೆರಡು ಡಿಗ್ರಿ ಓರೆ ಇಲ್ಲದಿದ್ದರೆ ಪ್ಯಾಟರ್ನ್ ಎತ್ತುವಾಗ ಮರಳು ಕಿತ್ತು ಬರುತ್ತದಂತೆ, ನಮ್ಮ ಹೌಸಿಂಗ್‌ನ ಬದಿ ಹುಣ್ಣುಹುಣ್ಣಾಗಿದ್ದುದು ಅದಕ್ಕೇ. ಅದರಲ್ಲಿ ಕೂರಬೇಕಿದ್ದ 6204 ನಂಬರಿನ ಬೇರಿಂಗ್‌ನ ಹೊರ ವ್ಯಾಸ 47 ಮಿಲಿಮೀಟರ್. ನಮ್ಮ ತೂತು ಒಂದು ಕಡೆ ವಾಲಿತ್ತು, ಸರಿಮಾಡಲು ಗೋಡೆಯಲ್ಲಿ ಮಾಲೇ ಇಲ್ಲ. ಇನ್ನೊಂದು, ಬೇಕಿರಲಿ ಬೇಡವಿರಲಿ ಎಲ್ಲ ಅಳತೆಗೂ ನಾವು 0.01 ಮಿಲಿಮೀಟರ್ ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿ) ಬರೆದಿದ್ದೆವು. "ಬೇರಿಂಗ್ ಕೂಡೋ ಜಾಗಾ ಬಿಟ್ಟು ಉಳಿದದ್ದಕ್ಕ ಇದು ಯಾಕ ಬೇಕು, ಸುಮ್ನ ರೇಟ್ ಏರ್ತದ" ಅಂದರು.

ಇಷ್ಟನ್ನು ಆ ಹಿರಿಯರು ಅರ್ಧ ಗಂಟೆಯಲ್ಲಿ ಹೇಳಿಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನಾವು ಓದುವ ಊರಲ್ಲೇ ಇಷ್ಟು ಫೌಂಡ್ರಿಗಳಿವೆ (ಎರಕ ಹಾಕುವ ಕಾರ್ಖಾನೆಗಳು), ಆದರೂ ನಾವು ಅಲ್ಲಿಗೆ ಹೋದದ್ದು ದುಡ್ಡು ಕಳೆದುಕೊಂಡ ಮೇಲೆ. ಇದು ನನಗೆ ಇನ್ನೂ ನೋವು ಕೊಡುತ್ತದೆ.

ಡ್ರಾಯಿಂಗ್ ಮುಗಿಸುವ ಮುಂಚೆಯೇ ಪ್ರಿಂಟ್ ತೆಗೆದುಕೊಂಡು ಅಲ್ಲಿಗೆ ಹೋಗಿ. ಮಧ್ಯದಲ್ಲಿ ಯಾರೂ ಬೇಡ. ಹೇಗೆ ಎರಕ ಹಾಕ್ತೀರಿ, ಎಲ್ಲಿ ಹಿಡಿದು ಹೊಡೀತೀರಿ ಅಂತ ಕೇಳಿ. ಮುಂಗಡ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ, ಏನೇನು ಯಾವ ತಾರೀಖಿಗೆ ಕೊಡ್ತಾರೆ ಅಂತ ಬರೆಸಿಕೊಳ್ಳಿ. ಮಾಡುವ ಜಾಗ ತೋರಿಸಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ದುಡ್ಡು ಇನ್ನೂ ವಾಪಸ್ ಬಂದಿಲ್ಲ, ವೈವಾದಲ್ಲಿ ಆ ಹೌಸಿಂಗ್ ಒಂದನ್ನೇ ಮೇಜಿನ ಮೇಲೆ ಇಟ್ಟೆವು.