ಚಕ್ರ ಬಿಚ್ಚಿ ಸ್ಕೀ ಹಾಕಿದೆ: ಸ್ನೋ ಬೈಕ್ ಕಿಟ್ ಜೊತೆ ಒಂದು ಚಳಿಗಾಲ, 61 ಗಂಟೆ

ಏಪ್ರಿಲ್ ಎರಡನೇ ವಾರ ಕಿಟ್ ಬಿಚ್ಚಿ ಗ್ಯಾರೇಜಿನ ಮೂಲೆಗೆ ಒರಗಿಸಿದೆ. ಅವರ್ ಮೀಟರ್ ನೋಡಿದರೆ ಡಿಸೆಂಬರಿನಿಂದ 61 ಗಂಟೆ ಓಡಿದೆ. ಒಟ್ಟು 19 ಸಲ ಹೋಗಿದ್ದೇನೆ, ಅದರಲ್ಲಿ ಮೂರು ಸಲ ಅರ್ಧ ದಾರಿಯಿಂದಲೇ ವಾಪಸ್ ಬಂದಿದ್ದೇನೆ. ಕೊಳ್ಳುವ ಮುಂಚೆ ನಾನು ನೋಡಿದ ವಿಡಿಯೋಗಳೆಲ್ಲ ಹೊಸ ಕಿಟ್, ಹೊಸ ಹಿಮ, ಒಳ್ಳೆ ಬಿಸಿಲು. ಆಯಿಲ್ ಬದಲಾಯಿಸುವುದನ್ನು ಯಾರೂ ತೋರಿಸಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರೋದು ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿಯಲ್ಲಿ. ಊರು ಸಕಲೇಶಪುರದ ಕಡೆ. ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ಆರ್‌ಎಕ್ಸ್ 100 ಓಡಿಸಿ ಬೆಳೆದವನಿಗೆ ಹಿಮ ಏನು ಮಹಾ ಅಂದುಕೊಂಡಿದ್ದೆ. ಆ ಸೊಕ್ಕು ಮೊದಲ ದಿನವೇ ಇಳಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಬೇರೆ ಗಾಡಿ ಅಲ್ಲ. ನಮ್ಮ ಡರ್ಟ್ ಬೈಕೇ. ಮುಂದಿನ ಚಕ್ರ ತೆಗೆದು ಅಲ್ಲಿ ಒಂದು ಅಗಲವಾದ ಸ್ಕೀ. ಹಿಂದಿನ ಚಕ್ರ, ಅದನ್ನು ಹಿಡಿದಿಡುವ ಸ್ವಿಂಗ್‌ಆರ್ಮ್, ಶಾಕ್ ಎಲ್ಲ ಬಿಚ್ಚಿ ಅಲ್ಲಿ ಒಂದು ರಬ್ಬರ್ ಟ್ರ್ಯಾಕ್. ನನ್ನ ಟ್ರ್ಯಾಕ್ ಸುತ್ತಳತೆ 120 ಇಂಚು, ಅಗಲ ಸುಮಾರು ಒಂದು ಅಡಿ, ಮೇಲೆ ಎರಡೂವರೆ ಇಂಚಿನ ಹಲ್ಲುಗಳು. ಎಂಜಿನ್ನಿನ ಚೈನ್ ಚಕ್ರ ತಿರುಗಿಸುವ ಬದಲು ಈ ಟ್ರ್ಯಾಕನ್ನು ತಿರುಗಿಸುತ್ತದೆ, ಅಷ್ಟೇ. ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಏನೋ ಇದು, ಗಾಡಿಗೆ ಚಕ್ರಾನೇ ಇಲ್ವಲ್ಲೋ?"

ಈ ಕಿಟ್‌ಗಳಲ್ಲಿ ಹೆಸರು ಮಾಡಿದ್ದು ಟಿಂಬರ್‌ಸ್ಲೆಡ್. ಇದೇ ಐಡಾಹೊದ ಸ್ಯಾಂಡ್‌ಪಾಯಿಂಟ್‌ನಲ್ಲಿ ಹುಟ್ಟಿದ ಕಂಪನಿ. 2015ರಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಟ್ರ್ಯಾಕ್ ಗಾಡಿ) ತಯಾರಿಸುವ ಪೊಲಾರಿಸ್ ಅದನ್ನು ಕೊಂಡಿತು. ಕೆನಡಾದಿಂದ ಯೇಟಿ ಅನ್ನುವ ಇನ್ನೊಂದು ಕಿಟ್ ಬಂತು. 2017ರಲ್ಲಿ ಆಸ್ಪೆನ್‌ನ ಸಾಹಸ ಕ್ರೀಡಾಕೂಟ ಎಕ್ಸ್ ಗೇಮ್ಸ್‌ನಲ್ಲಿ ಸ್ನೋ ಬೈಕ್ ರೇಸೂ ಶುರುವಾಯಿತು. ನನ್ನದು ಯಾವ ಕಿಟ್ ಅಂತ ಹೇಳುವುದಿಲ್ಲ. ನಾನು ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಅದರ ಹಳೆ ಪಾಪಗಳನ್ನೆಲ್ಲ ಕಂಪನಿ ಮೇಲೆ ಹಾಕುವುದು ಸರಿಯಲ್ಲ. ಮುಂದೆ ಹೇಳುವ ಕಷ್ಟಗಳಲ್ಲಿ ಮುಕ್ಕಾಲು ಪಾಲು ಹೇಗೂ ಕಿಟ್‌ನದ್ದಲ್ಲ, ಚಳಿಯದ್ದು.

ಖರ್ಚು ಹೇಳಿಬಿಡ್ತೀನಿ. ಹಳೆ ಕಿಟ್‌ಗೆ 3,400 ಡಾಲರ್. ಅದನ್ನು ನನ್ನ 450 ಸಿಸಿ ಬೈಕಿಗೆ ಕೂರಿಸುವ ಫಿಟ್ ಕಿಟ್‌ಗೆ 620. ಎಂಜಿನ್ ತೀರಾ ತಣ್ಣಗಾಗದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ 190. ಬಿಸಿ ಆಗುವ ಗ್ರಿಪ್, ಕೈ ಮುಚ್ಚುವ ಕವರ್, ಹೆಚ್ಚುವರಿ ಪೆಟ್ರೋಲ್ ಕ್ಯಾನ್, ಅದು ಇದು ಸೇರಿ ಇನ್ನೊಂದು 400. ಹಿಮಕುಸಿತದ ಸಾಮಾನು ಬೇರೆ ಲೆಕ್ಕ, ಅದರಲ್ಲಿ ಚೌಕಾಸಿ ಮಾಡಬೇಡಿ. ಬೈಕ್ ಮೊದಲೇ ಇದ್ದರೆ ಹೊಸ ಸ್ನೋಮೊಬೈಲ್ ಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ. ಬೈಕನ್ನೂ ಹೊಸದಾಗಿ ಕೊಳ್ಳಬೇಕು ಅಂದರೆ ಮಾತ್ರ ಇನ್ನೊಂದು ಸಲ ಯೋಚಿಸಿ.

ಫಿಟ್ ಕಿಟ್‌ನಲ್ಲೇ ಮೊದಲ ಪೆಟ್ಟು ಬಿತ್ತು. ಅಂಗಡಿಯವರು ಕಳಿಸಿದ್ದು ಬೇರೆ ವರ್ಷದ ಮಾಡೆಲ್‌ನದ್ದು. ಸ್ವಿಂಗ್‌ಆರ್ಮ್ ಬೋಲ್ಟ್ ಕೂರುವ ಜಾಗದ ಸ್ಪೇಸರ್ ಎರಡೇ ಎರಡು ಮಿಲಿಮೀಟರ್ ಜಾಸ್ತಿ. ನಾನು ಪೆದ್ದನ ಹಾಗೆ ಒಂದು ಸಂಜೆ ಪೂರ್ತಿ ಸುತ್ತಿಗೆ ಹಿಡಿದು ಕೂತೆ. ಫೋನ್ ಮಾಡಿದರೆ "ನೀವು ಆರ್ಡರ್ ಮಾಡಿದ್ದೇ ಹಾಗೆ" ಅಂದರು. ರಸೀದಿ ಕಳಿಸಿದ ಮೇಲೆ ಬದಲಾಯಿಸಿ ಕೊಟ್ಟರು, ಹನ್ನೊಂದು ದಿನಕ್ಕೆ. ಆ ಹನ್ನೊಂದು ದಿನದಲ್ಲಿ ಸೀಸನ್ನಿನ ಅತ್ಯುತ್ತಮ ಹಿಮ ಬಿದ್ದು ಹೋಯಿತು. ಬೈಕಿನ ವರ್ಷ, ಮಾಡೆಲ್ ಎರಡನ್ನೂ ಬರವಣಿಗೆಯಲ್ಲಿ ಕೊಡಿ, ಅಕ್ಟೋಬರಿನಲ್ಲೇ ತರಿಸಿ.

ಕೂರಿಸುವ ಕೆಲಸ ನಿಜಕ್ಕೂ ಅಂಥ ಕಷ್ಟ ಅಲ್ಲ. ಮೊದಲ ಸಲ ಎರಡು ದಿನ ಹಿಡಿಯಿತು, ಈಗಾದರೆ ನಾಲ್ಕೈದು ಗಂಟೆ ಸಾಕು. ಹಿಂದಿನ ಬ್ರೇಕ್ ಲೈನ್ ಬದಲಾಯಿಸಿ ಗಾಳಿ ತೆಗೆಯುವುದೇ ತಲೆನೋವು. ಬಿಚ್ಚಿದ ಬೋಲ್ಟುಗಳನ್ನು ಉಪ್ಪಿನಕಾಯಿ ಬಾಟಲಿಗಳಲ್ಲಿ ಹಾಕಿ, ಮೇಲೆ ಪಟ್ಟಿ ಅಂಟಿಸಿ ಬರೆದಿಟ್ಟೆ. ಏಪ್ರಿಲ್‌ನಲ್ಲಿ ಅದು ಉಪಕಾರಕ್ಕೆ ಬಂತು.

ಮೊದಲ ಸವಾರಿ ಮೋರ್ಸ್ ಕ್ರೀಕ್ ಸಮಿಟ್‌ನಲ್ಲಿ. ಹೈವೇ 21ರಲ್ಲಿ ಐಡಾಹೊ ಸಿಟಿ ದಾಟಿ ಮೇಲೆ ಹತ್ತಿದರೆ ಸಿಗುವ ಘಾಟಿಯ ನೆತ್ತಿ. ಎತ್ತರ ಸುಮಾರು 6,100 ಅಡಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿ ತುದಿಯಷ್ಟೇ. ಜೊತೆಗೆ ಹುಬ್ಬಳ್ಳಿ ಕಡೆಯ ಗೆಳೆಯರೊಬ್ಬರು, ಅವರು ಏಳೆಂಟು ವರ್ಷದಿಂದ ಸ್ನೋಮೊಬೈಲ್ ಓಡಿಸುವವರು. ಪಾರ್ಕಿಂಗ್‌ನಿಂದ ಕಾಡಿನವರೆಗೆ ಸುಮಾರು ದೂರ ಗಟ್ಟಿ ಹಿಮದ ದಾರಿ. ಅಲ್ಲಿ ಈ ಗಾಡಿಯಷ್ಟು ಕೆಟ್ಟ ವಾಹನ ಇನ್ನೊಂದಿಲ್ಲ. ಸ್ಕೀ ಹಳೆ ಜಾಡು ಕಂಡಲ್ಲೆಲ್ಲ ಅದರೊಳಗೆ ನುಗ್ಗುತ್ತದೆ. ಹ್ಯಾಂಡಲ್ ಬಲಕ್ಕೆ, ಗಾಡಿ ಎಡಕ್ಕೆ. ನಾನು ಬಿಗಿಯಾಗಿ ಹಿಡಿದಷ್ಟೂ ಅದು ಜಾಸ್ತಿ ಕುಣಿಯಿತು. ಗೆಳೆಯರು ಪಕ್ಕದಲ್ಲಿ ಬಂದು ಕೇಳಿದರು: "ಏನ್ರೀ, ನೀವು ಗಾಡಿ ಓಡ್ಸಾಕತ್ತೀರೋ, ಗಾಡಿ ನಿಮ್ಮನ್ನ ಓಡ್ಸಾಕತ್ತೈತೋ?"

ನಾಲ್ಕನೇ ಸವಾರಿ ಹೊತ್ತಿಗೆ ಮದ್ದು ಸಿಕ್ಕಿತು. ನಿಂತುಕೊಂಡು ಓಡಿಸಬೇಕು, ಹ್ಯಾಂಡಲ್ ಸಡಿಲ ಹಿಡಿಯಬೇಕು, ಸ್ವಲ್ಪ ಆಡಲು ಬಿಡಬೇಕು. ಸರ್ಕಸ್ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ದಿನವಿಡೀ ಟ್ರೇಲ್ ಮೇಲೆ ಹೋಗಿ ಬರುವುದೇ ನಿಮ್ಮ ಆಸೆಯಾದರೆ ಈ ಕಿಟ್ ಬೇಡ.

ಆದರೆ ಕಾಡಿನೊಳಗೆ ಹೊಸ ಹಿಮಕ್ಕೆ ಇಳಿದ ಕ್ಷಣ ಅದೇ ಗಾಡಿ ಬೇರೆಯೇ ಆಗುತ್ತದೆ. ಮೊಣಕಾಲಿನವರೆಗೆ ಹಿಮ, ಒತ್ತೊತ್ತಾಗಿ ಮರಗಳು, ಒಂದು ಕಡೆ ಇಳಿಜಾರು. ಗೆಳೆಯರ ಸ್ನೋಮೊಬೈಲ್‌ಗೆ ಮೂರು ಪಟ್ಟು ಶಕ್ತಿ ಇದೆ, ಆದರೆ ಅಂಥ ಜಾಗದಲ್ಲಿ ಅವರು ಮೈಯೆಲ್ಲ ತಿರುಚಿ ಗಾಡಿ ಎಳೆದಾಡಬೇಕು. ನಾನು ಸುಮ್ನೆ ಬೆಟ್ಟದ ಕಡೆಗೆ ವಾಲಿದರೆ ಸಾಕು. ಟ್ರ್ಯಾಕಿನ ಅಂಚು ಹಿಮದಲ್ಲಿ ಒಂದು ಮೆಟ್ಟಿಲು ಕಡಿದುಕೊಂಡು ಹೋಗುತ್ತದೆ, ತೋಟದ ಏರಿ ಮೇಲೆ ನಡೆದ ಹಾಗೆ. ಎರಡು ಮರಗಳ ನಡುವೆ ಹ್ಯಾಂಡಲ್ ತೂರಿದರೆ ಗಾಡಿಯೂ ತೂರಿತು ಅಂತಲೇ ಲೆಕ್ಕ. ಇನ್ನೊಂದು ಸುಖ: ನಿಲ್ಲಿಸಿ ಇಳಿದರೆ ಗಾಡಿ ಬೀಳುವುದಿಲ್ಲ. ಹಿಮದೊಳಗೆ ಹೂತು ತಾನೇ ನಿಂತಿರುತ್ತದೆ. ಸ್ಟ್ಯಾಂಡ್ ಬೇಡ, ಮರಕ್ಕೆ ಒರಗಿಸುವುದು ಬೇಡ. ಇಳಿದು ಚಹಾ ಕುಡಿಯಬಹುದು.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಕಲಿಯಬೇಕು. ಏರಿನಲ್ಲಿ ನಿಲ್ಲಿಸಿ ಮತ್ತೆ ಆಕ್ಸಿಲರೇಟರ್ ತಿರುವಿದರೆ ಟ್ರ್ಯಾಕ್ ಮುಂದೆ ಹೋಗುವುದಿಲ್ಲ, ಬಾವಿ ತೋಡುತ್ತದೆ. ರಿವರ್ಸ್ ಗೇರ್ ಇಲ್ಲ. ಕಿಟ್ ಹಾಕಿದ ಮೇಲೆ ಗಾಡಿಯ ತೂಕ ಸುಮಾರು 45 ಕೆಜಿ ಜಾಸ್ತಿಯಾಗಿದೆ. ಜನವರಿಯಲ್ಲಿ ಒಂದು ಹಳ್ಳದ ದಂಡೆ ಹತ್ತುವಾಗ ಭಯವಾಗಿ ಅರ್ಧದಲ್ಲಿ ಆಕ್ಸಿಲರೇಟರ್ ಬಿಟ್ಟೆ. ಆಮೇಲೆ ನಲವತ್ತು ನಿಮಿಷ ಸಲಿಕೆ ಕೆಲಸ. ಮೊದಲು ಟ್ರ್ಯಾಕಿನ ಮುಂದೆ ತೋಡಿ, ಆಮೇಲೆ ಬಾಲ ಹಿಡಿದು ಪಕ್ಕಕ್ಕೆ ಎಳೆದು, ಗಾಡಿಯನ್ನು ಇಳಿಜಾರಿನ ಕಡೆಗೆ ಮುಖ ಮಾಡಿ ಮಲಗಿಸಿ ಎಬ್ಬಿಸಿದೆ. ಮೈನಸ್ ಎಂಟು ಡಿಗ್ರಿಯಲ್ಲಿ ಬೆವರಿ ಒದ್ದೆಯಾದೆ. ಹೊಸ ಸವಾರರು ಹತ್ತುವುದನ್ನು ಕಲಿಯುವ ಮುಂಚೆ ಹತ್ತದೆ ತಿರುಗಿಸಿಕೊಂಡು ಬರುವುದನ್ನು ಕಲಿಯಲಿ ಅಂತ ನನ್ನ ಅಭಿಪ್ರಾಯ.

ಶಕ್ತಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪ್ರತಿ 1,000 ಅಡಿಗೆ ಎಂಜಿನ್ ಸುಮಾರು 3% ಬಲ ಕಳೆದುಕೊಳ್ಳುತ್ತದೆ. 8,000 ಅಡಿಯಲ್ಲಿ ಕಾಲು ಭಾಗ ಹೋಯಿತು. 250 ಸಿಸಿ ಬೈಕಿಗೆ ಕಿಟ್ ಹಾಕಬಹುದಾ ಅಂತ ಇಬ್ಬರು ಕೇಳಿದ್ದರು. ಹಾಕಬಹುದು, ಆದರೆ ಇಲ್ಲಿನ ಬೆಟ್ಟಗಳಲ್ಲಿ ಅಳ್ತೀರಿ.

ಈಗ ಆಯಿಲ್ ವಿಷಯ. ಈ ವಿಮರ್ಶೆಯಲ್ಲಿ ಒಂದೇ ಪ್ಯಾರಾ ಓದುವುದಾದರೆ ಇದನ್ನು ಓದಿ. ಥರ್ಮೋಸ್ಟಾಟ್ ಆಮೇಲೆ ಹಾಕಿದರಾಯಿತು ಅಂತ ಮೊದಲ ಮೂರು ಸವಾರಿ ಹಾಗೇ ಹೋಗಿದ್ದೆ. ಮೂರನೆಯದು ಮುಗಿಸಿ ಬಂದು ಆಯಿಲ್ ಮಟ್ಟ ನೋಡಿದರೆ ಅದು ಮೇಲೆ ಹೋಗಿದೆ! ಎಂಜಿನ್ ಆಯಿಲ್ ಕುಡಿಯುವುದನ್ನು ನೋಡಿದ್ದೆ, ಹಸುವಿನ ಹಾಗೆ ಕರೆಯುವುದನ್ನು ನೋಡಿದ್ದು ಅದೇ ಮೊದಲು. ಬೆರಳಿಗೆ ತೆಗೆದುಕೊಂಡು ಉಜ್ಜಿದೆ. ತಿಳಿಸಾರಿನ ಹಾಗೆ ತೆಳ್ಳಗೆ. ಮೂಸಿದರೆ ಗಂ ಅಂತ ಪೆಟ್ರೋಲ್ ವಾಸನೆ. ಆಗಿದ್ದು ಇಷ್ಟು: ರೇಡಿಯೇಟರ್ ಮೇಲೆ ಹಿಮ ಬಡಿದು ಎಂಜಿನ್ ಬಿಸಿಯೇ ಆಗುತ್ತಿರಲಿಲ್ಲ. ಕೂಲೆಂಟ್ 45 ಡಿಗ್ರಿ ಸೆಲ್ಸಿಯಸ್ ದಾಟಿಲ್ಲ ಅಂತ ಆಮೇಲೆ ಮೀಟರ್ ಹಾಕಿ ನೋಡಿದಾಗ ಗೊತ್ತಾಯಿತು. ತಣ್ಣಗಿನ ಎಂಜಿನ್ನಿಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಅದು ಪೂರ್ತಿ ಉರಿಯದೆ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್ ಸೇರುತ್ತದೆ. ಹೀಗೇ ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು. ಥರ್ಮೋಸ್ಟಾಟ್ ಹಾಕಿ, ಒಂದು ರೇಡಿಯೇಟರ್ ಮುಚ್ಚಿದ ಮೇಲೆ 75ರ ಆಸುಪಾಸಿನಲ್ಲಿ ನಿಂತಿತು. ಆದರೂ ಐದಾರು ಗಂಟೆಗೊಮ್ಮೆ ಆಯಿಲ್ ಬದಲಾಯಿಸಿದೆ. 61 ಗಂಟೆಗೆ ಹನ್ನೊಂದು ಸಲ. ಹೆಂಡತಿ ಗ್ಯಾರೇಜನ್ನು ಗಾಣ ಅಂತ ಕರೆಯಲು ಶುರು ಮಾಡಿದ್ದಾಳೆ.

ಸಣ್ಣಪುಟ್ಟ ಕಾಟಗಳೂ ಇವೆ. ಬ್ರೇಕ್ ಪೆಡಲ್ ಅಡಿಯಲ್ಲಿ ಹಿಮ ತುಂಬಿ ಕಲ್ಲಾಗುತ್ತದೆ. ಒತ್ತಿದರೆ ಪೆಡಲ್ ಇಳಿಯುವುದೇ ಇಲ್ಲ. ಆಳ ಹಿಮದಲ್ಲಿ ಆಕ್ಸಿಲರೇಟರ್ ಬಿಟ್ಟರೇ ಗಾಡಿ ನಿಲ್ಲುವುದರಿಂದ ಗೊತ್ತಾಗುವುದಿಲ್ಲ. ವಾಪಸ್ ಇಳಿಯುವ ದಾರಿಯಲ್ಲಿ ಗೊತ್ತಾಗುತ್ತದೆ! ಈಗ ಜೇಬಿನಲ್ಲಿ ಒಂದು ಹಳೆ ಸ್ಕ್ರೂಡ್ರೈವರ್ ಇಟ್ಟುಕೊಂಡು ನಿಂತಲ್ಲೆಲ್ಲ ಕೆದಕುತ್ತೇನೆ. ಏರ್ ಫಿಲ್ಟರ್ ಒದ್ದೆಯಾಗಿ ಎಂಜಿನ್ ಉಸಿರುಗಟ್ಟಿದ್ದು ಒಮ್ಮೆ. ಶಾಕ್ ಜಾಗದಲ್ಲಿ ಕೂರುವ ಸ್ಟ್ರಟ್‌ನ ಬೋಲ್ಟ್ ಸಡಿಲವಾಗಿದ್ದು ಎರಡು ಸಲ, ಬೋಲ್ಟ್ ಹಿಡಿಸುವ ಅಂಟು ಲಾಕ್‌ಟೈಟ್ ಹಾಕಿದ ಮೇಲೆ ಸರಿಹೋಯಿತು. ಲಿಥಿಯಂ ಬ್ಯಾಟರಿ ಚಳಿಗೆ ಮುನಿಸಿಕೊಳ್ಳುತ್ತದೆ. ಹೆಡ್‌ಲೈಟ್ ಹಾಕಿ ಒಂದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮಾತು ಕೇಳುತ್ತದೆ. ಬೈಕಿನ ಟ್ಯಾಂಕಿಗೆ ಎಂಟು ಲೀಟರ್ ಹಿಡಿಸುತ್ತದೆ, ಒಂದು ದಿನಕ್ಕೆ ಅದು ಸಾಲುವುದಿಲ್ಲ. ಟ್ರ್ಯಾಕಿನ ಮೇಲೆ ಇನ್ನೊಂದು ಏಳು ಲೀಟರ್ ಕ್ಯಾನ್ ಕಟ್ಟಿಕೊಳ್ಳಬೇಕು.

ಮಾರ್ಚ್‌ನಲ್ಲಿ ಕಿಟ್‌ನ ನಿಜವಾದ ದೌರ್ಬಲ್ಯ ಕಂಡಿತು. ಟ್ರ್ಯಾಕ್ ಜಾರುವುದು ಹೈಫ್ಯಾಕ್ಸ್ ಅನ್ನುವ ಎರಡು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ. ಅವಕ್ಕೆ ಎಣ್ಣೆಯೂ ಹಿಮವೇ, ತಂಪೂ ಹಿಮವೇ. ಬೆಳಗ್ಗೆ ಹೊತ್ತು ದಾರಿ ಮಂಜುಗಡ್ಡೆ ಕಟ್ಟಿದ್ದರೆ ಪಟ್ಟಿಗೆ ಹಿಮ ಸಿಗುವುದಿಲ್ಲ. ಒಂದು ದಿನ ಹೀಗೇ ಹತ್ತು ನಿಮಿಷ ಓಡಿಸಿದ ಮೇಲೆ, ಸ್ಟೌವ್ ಮೇಲೆ ಪ್ಲಾಸ್ಟಿಕ್ ಡಬ್ಬ ಇಟ್ಟು ಮರೆತ ವಾಸನೆ ಬಂತು. ನಿಲ್ಲಿಸಿ ನೋಡಿದರೆ ಎಡಗಡೆ ಪಟ್ಟಿ ಅರ್ಧ ಕರಗಿದೆ. ನೆಲ ಕೆರೆದು ಹಿಮದ ಪುಡಿ ಎಬ್ಬಿಸುವ ಸ್ಕ್ರ್ಯಾಚರ್ ಅಂತ ಸಿಗುತ್ತದೆ, ಮುಂದಿನ ವರ್ಷಕ್ಕೆ ಅದನ್ನು ಹಾಕುತ್ತೇನೆ. ಅಲ್ಲಿವರೆಗೆ ಉಪಾಯ ಇಷ್ಟೇ, ಆಗಾಗ ದಾರಿ ಬದಿಯ ಮೆತ್ತನೆ ಹಿಮಕ್ಕೆ ಇಳಿಸಿ ಏರಿಸುವುದು.

ಇನ್ನು ಹಿಮಕುಸಿತ. ಈ ಗಾಡಿ ಮೊದಲ ತಿಂಗಳಿನ ಸವಾರನನ್ನೂ ಅಪಾಯದ ಇಳಿಜಾರಿಗೆ ಸಲೀಸಾಗಿ ಕರೆದುಕೊಂಡು ಹೋಗುತ್ತದೆ, ಅದೇ ಇದರ ಕೆಟ್ಟ ಗುಣ. ಬೀಕನ್ (ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಮೈಮೇಲೆ ಇರಬೇಕು. ಸಲಿಕೆ ಗಾಡಿಗೆ ಕಟ್ಟಿದರೆ ಗಾಡಿಯ ಜೊತೆ ಅದೂ ಹೂತುಹೋಗುತ್ತದೆ. ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡುತ್ತವೆ, ಹಾಗಾಗಿ ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಮನೆ ಬಿಡುವ ಮುಂಚೆ ಸಾಟೂತ್ ಅವಲಾಂಚ್ ಸೆಂಟರ್‌ನ ಮುನ್ಸೂಚನೆ ಓದುತ್ತೇವೆ, ಮೆಕ್‌ಕಾಲ್ ಕಡೆ ಹೋಗುವುದಾದರೆ ಪಯೆಟ್ ಸೆಂಟರ್‌ನದ್ದು. ಫೆಬ್ರವರಿಯಲ್ಲಿ ಒಂದು ಬಯಲಿನ ಅಂಚಿಗೆ ಬಂದು ಎಂಜಿನ್ ಆರಿಸಿದ್ದೆವು. ಕಾಲ ಕೆಳಗೆ "ಧೊಪ್" ಅಂತ ಸದ್ದಾಯಿತು. ಕಾಫಿ ಮೂಟೆಯನ್ನು ಗೋದಾಮಿನ ನೆಲಕ್ಕೆ ಕೆಡವಿದ ಹಾಗೆ, ಆದರೆ ಸದ್ದು ಬಂದಿದ್ದು ನೆಲದ ಒಳಗಿನಿಂದ. ಕೆಳಗಿನ ದುರ್ಬಲ ಪದರ ಕುಸಿದರೆ ಹಾಗಾಗುತ್ತದಂತೆ, ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಎದುರಿಗೆ ನುಣ್ಣನೆ ಇಳಿಜಾರು, ಒಂದು ಜಾಡೂ ಇಲ್ಲ. ಇಬ್ಬರೂ ಒಂದು ಮಾತೂ ಆಡದೆ ಬಂದ ಜಾಡಿನಲ್ಲೇ ವಾಪಸ್ ಹೋದೆವು. ವಾಪಸ್ ಬಂದ ಮೂರು ಸವಾರಿಗಳಲ್ಲಿ ಅದೂ ಒಂದು.

ಕಿಟ್ ಇಟ್ಟುಕೊಳ್ಳುತ್ತೀಯಾ ಅಂತ ಗೆಳೆಯರು ಕೇಳಿದರು. ಇಟ್ಟುಕೊಳ್ಳುತ್ತೇನೆ. ಕಾಡು ಹತ್ತಿರ ಇರುವವರಿಗೆ, ಸ್ಪ್ಯಾನರ್ ಹಿಡಿಯಲು ಬೇಸರ ಇಲ್ಲದವರಿಗೆ ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ. ವರ್ಷಕ್ಕೆ ಮೂರು ಸಲ ಹೋಗುವವರು ಬಾಡಿಗೆಗೆ ತೆಗೆದುಕೊಳ್ಳುವುದು ಮೇಲು.

ಕಿಟ್ ಬಿಚ್ಚಿದ ಮಾರನೇ ದಿನ ಚಕ್ರ ಹಾಕಿ ಬೀದಿಯಲ್ಲಿ ಒಂದು ಸುತ್ತು ಹೊಡೆದೆ. ಹೂವಿನ ಹಾಗೆ ಹಗುರ. ಖುಷಿಯಲ್ಲಿ ಮನೆ ಮುಂದೆ ನಿಲ್ಲಿಸಿ, ನಾಲ್ಕು ತಿಂಗಳ ಅಭ್ಯಾಸದಂತೆ ಸುಮ್ನೆ ಇಳಿದು ನಡೆದುಬಿಟ್ಟೆ. ಹಿಂದೆ ದಡಾರ್ ಅಂತ ಸದ್ದು. ಖರ್ಚಿನ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ: ಕ್ಲಚ್ ಲಿವರ್, 25 ಡಾಲರ್.